ಬುಧವಾರ ಹನ್ನೊಂದಕ್ಕೆ ನಾವೂ ಮನೆಯಲ್ಲಿರುತ್ತೇವೆ

ವಿದ್ಯುತ್ ಉಪವಿಭಾಗದ ಮಾನ್ಯ ಸಹಾಯಕ ಎಂಜಿನಿಯರ್ ಅವರೇ,

ಪ್ರತಿ ಬುಧವಾರ ಬೆಳಗ್ಗೆ ಹತ್ತೂವರೆಗೆ ತಾವು ನಮ್ಮ ಊರಿನ ಕರೆಂಟ್ ತೆಗೆಯುತ್ತೀರಿ, ಮಧ್ಯಾಹ್ನ ಒಂದಕ್ಕೆ ಕೊಡುತ್ತೀರಿ. ತಂತಿಗಳಿಗೂ ಆರೈಕೆ ಬೇಕು, ಒಪ್ಪಿದೆ. ನನ್ನ ತಕರಾರು ಆ ಹೊತ್ತನ್ನು ಆರಿಸಿದ ತಮ್ಮ ಜಾಣ್ಮೆಯ ಬಗ್ಗೆ. ಕಾರಣವನ್ನು ತಮ್ಮ ಕಚೇರಿಯ ಫಲಕದಲ್ಲೇ ಅಂಟಿಸಿದ್ದೀರಿ: "ಸದರಿ ಅವಧಿಯಲ್ಲಿ ವಿದ್ಯಾರ್ಥಿಗಳು ತರಗತಿಯಲ್ಲಿರುವುದರಿಂದ ಮನೆಗಳಲ್ಲಿ ಯಾರೂ ಇರುವುದಿಲ್ಲ." ಮನೆಯಲ್ಲಿ ಇಲ್ಲದ ಆ ಜನರಲ್ಲಿ ಒಬ್ಬಳು, ಮನೆಯಲ್ಲೇ ಕುಳಿತು, ಈ ಪತ್ರ ಬರೆಯುತ್ತಿದ್ದೇನೆ.

ಈ ಕಾಲೇಜು ಊರಿಗೆ ನಾನು ಬಂದು ಎರಡು ವರ್ಷವಾಯಿತು. ನನ್ನಂತೆ ಮನೆಯಿಂದಲೇ ದೂರದ ಕಚೇರಿಗಳಿಗೆ ದುಡಿಯುವವರು ಇನ್ನೂ ಇಪ್ಪತ್ತು ಮಂದಿ ಇದ್ದಾರೆ. ವಿದ್ಯಾರ್ಥಿಗಳಿಗೆಂದು ಕಟ್ಟಿದ ಕೋಣೆಗಳಲ್ಲಿ ಅಡಕವಾಗಿದ್ದೇವೆ. ನನ್ನ ಮೇಜಿನ ಮೇಲೆ ಹಿಂದಿದ್ದವನು ಕೆತ್ತಿದ ಸೂತ್ರಗಳು ಇನ್ನೂ ಇವೆ. ಬಾಗಿಲ ಹಿಂದಿನ ಚೀಟಿ ನಲವತ್ತೆರಡು ವರ್ಷದ ನನಗೆ "ಪೋಷಕರ ಅನುಮತಿಯಿಲ್ಲದೆ ಊರು ಬಿಡತಕ್ಕದ್ದಲ್ಲ" ಎಂದು ಎಚ್ಚರಿಸುತ್ತದೆ. ಇದೆಲ್ಲ ಸಹಿಸಿಕೊಂಡಿದ್ದೇನೆ. ಹಗಲು ಮನೆಯಲ್ಲಿರುವವಳು ಎಂಬ ಕಾರಣಕ್ಕೆ ಬೀದಿಯ ಅಷ್ಟೂ ಮನೆಗಳ ಪಾರ್ಸೆಲ್, ಬೀಗದ ಕೈ, ಒಮ್ಮೆ ಒಂದು ಆಮೆ ಕೂಡ ನನ್ನ ಸುಪರ್ದಿಗೆ ಬಂದಿವೆ. ಅದನ್ನೂ ಸಹಿಸಿದ್ದೇನೆ.

ತಮ್ಮ ಲೈನ್‌ಮನ್ ಬಳಿ ಒಮ್ಮೆ ಕೇಳಿದೆ: "ಏನಪ್ಪಾ, ಬುಧವಾರ ಬೆಳಗ್ಗೆನೇ ಯಾಕೆ?"

"ಆಗ ಮನೇಲಿ ಯಾರಿರ್ತಾರೆ ಮೇಡಂ?"

"ನಾನಿದ್ದೀನಲ್ಲ!"

"ಅಯ್ಯೋ, ನೀವು ಮನೇಲೇ ಇರೋರು. ನಾನು ಹೇಳ್ತಿರೋದು ಕೆಲಸ ಮಾಡೋರ ವಿಷ್ಯ."

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಿವಿ ಕೇಳಿಸದವರು ಆನ್‌ಲೈನ್ ಸಭೆಯಲ್ಲಿ ಕುಳಿತಾಗ, ಅಲ್ಲಿ ಆಡುವ ಪ್ರತಿ ಮಾತನ್ನೂ ಕೇಳಿಸಿಕೊಂಡು ಆ ಕ್ಷಣವೇ ಟೈಪ್ ಮಾಡುತ್ತೇನೆ. ಅವರು ಪರದೆಯಲ್ಲಿ ಓದಿ ಉತ್ತರ ಕೊಡುತ್ತಾರೆ. ಮೇಜಿನ ಕಂಪ್ಯೂಟರಿಗೆ ಇನ್ವರ್ಟರ್ ಹಾಕಿಸಿಕೊಂಡಿದ್ದೇನೆ, ಆ ಬುದ್ಧಿವಾದ ಬೇಡ. ಬೀದಿ ಮೂಲೆಯ ಇಂಟರ್ನೆಟ್ ಪೆಟ್ಟಿಗೆ, ಗುಡ್ಡದ ಮೇಲಿನ ಮೊಬೈಲ್ ಟವರ್ ಎರಡೂ ತಮ್ಮ ತಂತಿಯನ್ನೇ ನಂಬಿ ನಿಂತಿವೆ. ತಾವು ಸ್ವಿಚ್ ಇಳಿಸಿದರೆ ಅವೂ ಕಣ್ಣು ಮುಚ್ಚುತ್ತವೆ.

ಹಾಗಾದರೆ ಇಷ್ಟು ದಿನ ಹೇಗೆ ಬದುಕಿದಿರಿ ಎಂದು ಕೇಳಬಹುದು. ಇಗೋ, ತಪ್ಪೊಪ್ಪಿಕೊಳ್ಳುತ್ತೇನೆ. ಕಾಲೇಜಿಗೆ ಜನರೇಟರ್ ಇದೆ. ಆದರೆ ಅದರ ಅಬ್ಬರಕ್ಕೆ ಪರೀಕ್ಷೆ ಬರೆಯುವವರ ತಲೆ ಕೆಡುತ್ತದೆಂದು, ಪರೀಕ್ಷೆಯ ದಿನ ತಾವು ಕರೆಂಟ್ ತೆಗೆಯುವುದಿಲ್ಲ. ಪ್ರಾಂಶುಪಾಲರಿಂದ ಒಂದು ಚೀಟಿ ಬಂದರೆ ಸಾಕು, ತಮ್ಮ ಏಣಿಗಳು ಗೋಡೆಗೆ ಒರಗುತ್ತವೆ. ಇದು ಗೊತ್ತಾದದ್ದೇ ತಡ, ನಾವು ಗಣಿತದ ಮೇಷ್ಟ್ರ ಕಾಲು ಹಿಡಿದೆವು. ಅವರಿಗೂ ಮಕ್ಕಳನ್ನು ಗೋಳು ಹೊಯ್ದುಕೊಳ್ಳುವ ಆಸೆ ಮೊದಲಿನಿಂದ ಇತ್ತು. ಹನ್ನೊಂದು ವಾರ, ಪ್ರತಿ ಬುಧವಾರ, ಹತ್ತೂವರೆಗೆ ಕಿರುಪರೀಕ್ಷೆ! ಇಡೀ ಕಾಲೇಜು ನಮ್ಮನ್ನು ಶಪಿಸಿತು. ಅಲ್ಲೇ ಓದುವ, ನನ್ನ ಮನೆ ಯಜಮಾನಿಯ ಮಗಳು ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಒಂದು ಊರಿನ ಗಣಿತ ಮಟ್ಟ ವಿದ್ಯುತ್ ಇಲಾಖೆಯ ದೆಸೆಯಿಂದ ಸುಧಾರಿಸಿದ್ದು ಬಹುಶಃ ಇಲ್ಲೇ ಇರಬೇಕು.

ಹನ್ನೆರಡನೆಯ ಬುಧವಾರ ಮೇಷ್ಟ್ರಿಗೆ ಜ್ವರ ಬಂತು. ಪರೀಕ್ಷೆ ಇಲ್ಲ, ಚೀಟಿ ಇಲ್ಲ, ಕರೆಂಟ್ ಇಲ್ಲ. ಅಂದು ದೂರದ ಊರಿನ ಒಬ್ಬ ಹುಡುಗಿಯ ಆನ್‌ಲೈನ್ ಸಂದರ್ಶನವಿತ್ತು. ಔಷಧಿ ಪ್ರಯೋಗಾಲಯದ ಕೆಲಸ. ಆರು ವರ್ಷದಿಂದ ಅರ್ಜಿ ಹಾಕುತ್ತಿದ್ದವಳಿಗೆ ಮೊದಲ ಬಾರಿ ಬಂದ ಕರೆ. ಆಕೆಗೆ ಕಿವಿ ಕೇಳಿಸದು. ನನ್ನ ಸಂಪರ್ಕ ಕಡಿದಾಗ ಆಕೆಯ ಪರದೆಯ ಮೇಲೆ ನನ್ನ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು: "ಈ ಕೆಲಸಕ್ಕೆ ನಿಮ್ಮನ್ನೇ ಏಕೆ". ಆಮೇಲೆ ಬರೀ ಅಲ್ಲಾಡುವ ತುಟಿಗಳು. ಉಳಿದ ಮಾತು ಈಗ ಬಂದೀತು, ಈಗ ಬಂದೀತು ಎಂದು ಆಕೆ ನಾಲ್ಕು ನಿಮಿಷ ನಗುಮುಖದಲ್ಲೇ ಕಾದಳಂತೆ. ಸಂದರ್ಶಕರು "ಉತ್ತರಿಸಲು ಆಸಕ್ತಿ ತೋರಲಿಲ್ಲ" ಎಂದು ಬರೆದರು. ನನಗೆ ಅವತ್ತು ಊಟ ಸೇರಲಿಲ್ಲ.

ಆಕೆ ಪತ್ರದ ಮೇಲೆ ಪತ್ರ ಬರೆದು ಇನ್ನೊಂದು ಅವಕಾಶ ಪಡೆದಿದ್ದಾಳೆ. ಬರುವ ಬುಧವಾರ, ಬೆಳಗ್ಗೆ ಹನ್ನೊಂದಕ್ಕೆ. ಮತ್ತೊಂದು ಸಿಗುವುದಿಲ್ಲ ಎಂದೂ ತಿಳಿಸಿದ್ದಾರೆ. ಅಂದಿನ ಟೈಪ್ ಕೆಲಸವನ್ನು ಬೇರೆಯವರಿಗೆ ಒಪ್ಪಿಸುತ್ತೇನೆ ಎಂದರೆ ಆಕೆ ಕೇಳಲಿಲ್ಲ. "ಅವತ್ತು ನಿಂತ ಸಾಲು ನೀವೇ ಮುಗಿಸಿ ಅಕ್ಕಾ" ಎಂದು ಬರೆದಳು. ಆದರೆ ಸೋಮವಾರದಿಂದ ಕಾಲೇಜಿಗೆ ರಜೆ. ಊರಲ್ಲಿ ಪರೀಕ್ಷೆಯೇ ಇಲ್ಲ.

ವಿಷಯ ತಿಳಿದ ಯಜಮಾನಿಯ ಮಗಳು ನಿನ್ನೆ ತಾನಾಗಿಯೇ ನನ್ನ ಬಾಗಿಲು ತಟ್ಟಿದಳು. "ಆಂಟಿ, ಬುಧವಾರ ನಾನೊಬ್ಬಳೇ ಕೂತು ಬರೀತೀನಿ. ಒಬ್ಬಳು ಬರೆದ್ರೂ ಪರೀಕ್ಷೆನೇ ಅಲ್ವಾ?" ಅಂದಳು. ಹನ್ನೊಂದು ವಾರ ನನ್ನಿಂದ ನರಳಿದ ಮಗು ಅದು! ಕಣ್ಣು ತುಂಬಿ ಬಂತು. ಪ್ರಾಂಶುಪಾಲರು ಮಾತ್ರ ರಜೆಯಲ್ಲಿ ಚೀಟಿ ಕೊಡಲು ನಿಯಮವಿಲ್ಲ ಎಂದರು. ತಮ್ಮ ಕಚೇರಿಗೆ ಹೋದರೆ, ಚೀಟಿಯಿಲ್ಲದೆ ಕರೆಂಟ್ ಉಳಿಸಲು ನಿಯಮವಿಲ್ಲ ಎಂದರು. ಅದಕ್ಕೇ ಗುಟ್ಟು ರಟ್ಟು ಮಾಡಿ ಪತ್ರಿಕೆಯಲ್ಲೇ ಎಲ್ಲರೆದುರು ಬರೆಯುತ್ತಿದ್ದೇನೆ. ಇನ್ನು ಮುಂದೆ ಮೇಷ್ಟ್ರ ಪರೀಕ್ಷೆಯ ಚೀಟಿಯನ್ನು ತಾವು ನಂಬುವುದಿಲ್ಲವೆಂದು ಬಲ್ಲೆ. ಉಳಿದ ಇಪ್ಪತ್ತು ಮಂದಿ ನನಗೆ ಹಿಡಿಶಾಪ ಹಾಕುವುದೂ ಗೊತ್ತು.

ಆ ಫಲಕವನ್ನು ಕಿತ್ತು ಹಾಕಿ, ಹಗಲು ಈ ಊರಲ್ಲಿ ಯಾರು ಯಾರು ದುಡಿಯುತ್ತಾರೆಂದು ಮನೆಮನೆಗೆ ಬಂದು ನೋಡಿ. ಅದು ನಿಧಾನವಾಗಿಯೇ ಆಗಲಿ. ಬರುವ ಬುಧವಾರ ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ ತಂತಿ ಮುಟ್ಟಬೇಡಿ. ಕಡತಕ್ಕೆ ಪರೀಕ್ಷೆಯೇ ಬೇಕೆಂದರೆ, ಅಂದು ಪರೀಕ್ಷೆ ಇದೆಯೆಂದೇ ಬರೆದುಕೊಳ್ಳಿ. ಅದು ಸುಳ್ಳಲ್ಲ. ಬರೆಯುವವಳು ಒಬ್ಬಳೇ, ಕೊಠಡಿ ಮಾತ್ರ ಈ ಊರಲ್ಲಿಲ್ಲ.

ಇಂತಿ,
ಸದರಿ ಅವಧಿಯಲ್ಲಿ ಮನೆಯಲ್ಲಿ ಇರದವಳು
(ಬಂದು ಬಾಗಿಲು ತಟ್ಟಿದರೆ ಸಿಗುತ್ತೇನೆ, ಬೆಲ್ ಒತ್ತಬೇಡಿ, ಕರೆಂಟ್ ಇರುವುದಿಲ್ಲ)