ದೊಡ್ಡವರ ಠೂ

ಏನೇ,

ಇದು ನಿನ್ನ ಕೈಸೇರುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಏಳನೇ ತರಗತಿಗೆ ಈಗ ಸಂಶೋಧನಾ ಪ್ರಬಂಧ ಕಲಿಸುತ್ತಿದ್ದೇನೆ. ಅರ್ಧ ಕ್ಲಾಸಿಗೆ ಡೈನೋಸಾರೇ ಬೇಕು. ಬೇರೆ ವಿಷಯ ಹುಡುಕ್ರೋ, ರಟ್ಟು ನೋಡಿ ಪುಸ್ತಕ ಎತ್ಕೋಬೇಡ್ರೋ, ಜಗಳದ ವಿಷಯ ಆದ್ರೆ ಎರಡೂ ಕಡೆಯೋರನ್ನ ಕೇಳ್ರೋ ಎಂದು ಹೇಳಿ ಹೇಳಿ ಗಂಟಲ ಪಸೆ ಆರಿದೆ.

ಇವತ್ತು ಲೈಬ್ರರಿಯಲ್ಲಿ, ನಾವು ಮಾತಿನಮಲ್ಲಿ ಎಂದೇ ಕರೆಯುವ ಹುಡುಗಿ ಬರಿಗೈಯಲ್ಲಿ ಬಂದು ನಿಂತಳು. ಅವಳ ವಿಷಯ: ಮಕ್ಕಳು ಠೂ ಬಿಟ್ಟರೆ ಸಂಜೆಗೆ ಸರಿಹೋಗುತ್ತದೆ, ದೊಡ್ಡವರದು ಯಾಕೆ ಸರಿಹೋಗುವುದಿಲ್ಲ?

“ಯಾವ ಪುಸ್ತಕದಲ್ಲೂ ಇಲ್ಲ ಮಿಸ್. ಪುಸ್ತಕ ಸಿಗದಿದ್ರೆ ಗೊತ್ತಿರೋರನ್ನ ಕೇಳಿ ಅಂದಿದ್ರಲ್ಲ? ನೀವು ಯಾರ ಹತ್ರಾನಾದ್ರೂ ಮಾತು ಬಿಟ್ಟಿದ್ದೀರಾ?”

ಸುಸ್ತಾಗಿತ್ತು ಕಣೇ, ಹೇಳಿಬಿಟ್ಟೆ. ನಿನ್ನ ಹೆಸರೆತ್ತಲಿಲ್ಲ, ಒಬ್ಬಳು ಗೆಳತಿ ಎಂದೆ. ನಾವು ಮಾತು ಬಿಟ್ಟ ಆ ದಿನ ಸ್ಟಾಫ್ ರೂಮಿನಲ್ಲಿ ನೀನು ಅಂದದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದೆ.

“ನೀವೇನಂದ್ರಿ ಮಿಸ್?”

ನೆನಪಿಲ್ಲ ಎಂದೆ.

ಅವಳು ಎಲ್ಲವನ್ನೂ ಬರೆದುಕೊಂಡು, “ಅವರ ನಂಬರ್ ಕೊಡಿ, ಅವರನ್ನೂ ಕೇಳ್ತೀನಿ” ಎಂದಳು.

ನನ್ನ ಹತ್ತಿರ ಇಲ್ಲ ಎಂದೆ. ನಿನ್ನ ನಂಬರ್ ನನಗೆ ಈಗಲೂ ಬಾಯಿಪಾಠ.

“ಹಂಗಾದ್ರೆ ಇದು ಒಂದೇ ಕಡೇದಾಯ್ತು ಮಿಸ್. ಇದನ್ನ ಹಾಕೋಕಾಗಲ್ಲ, ನೀವೇ ಹೇಳಿದ್ರಿ” ಎಂದವಳು ನಾನು ಹೇಳಿದ್ದಷ್ಟನ್ನೂ ನನ್ನೆದುರಿಗೇ ಗೀಟೆಳೆದು ಹೊಡೆದುಹಾಕಿದಳು. ಆಮೇಲೆ, ಡೈನೋಸಾರ್ ಪುಸ್ತಕಗಳು ಯಾವ ಕಪಾಟಿನಲ್ಲಿವೆ ಎಂದು ಕೇಳಿದಳು.