ಅಜ್ಜ ಬೇಡವೆಂದ ಹೆಸರು

ಹಾಲೋಝೆ ಗುಡ್ಡ,
ಮೇ ೨೭, ೧೯೭೪

ಸಪ್ತಸಾಗರಾಧೀಶ್ವರನೂ, ಹಡಗಿನ ಅಡುಗೆಮನೆಯ ಸಾರ್ವಭೌಮನೂ, ಆಲೂಗಡ್ಡೆ ಸುಲಿಯುವವರ ಕುಲತಿಲಕನೂ, ಈಚೆಗೆ ಪಿತೃಪದವಿಯನ್ನು ಅಲಂಕರಿಸಿದವನೂ ಆದ ಪ್ರೀತಿಯ ಲೋವ್ರೋ ಅಣ್ಣನ ಸನ್ನಿಧಾನಕ್ಕೆ, ಒಬ್ಬಳೇ ತಂಗಿ ಯೇರಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಆರೋಗ್ಯವೇ? ಹೊಟ್ಟೆ ತೊಳಸುವುದು ನಿಂತಿತೇ, ಅಥವಾ ಈಗಲೂ ಬಕೆಟ್ಟೇ ನಿನ್ನ ಆಪ್ತಮಿತ್ರನೋ? ಇಲ್ಲಿ ತಾದೇಯಾ ಅತ್ತಿಗೆ ಗಟ್ಟಿಮುಟ್ಟಾಗಿದ್ದಾಳೆ. ನಿನ್ನ ಮಗ ಮೂರು ಹೊತ್ತೂ ಕಿರುಚುತ್ತಾನೆ. ಮೂಗು ಅಜ್ಜನದು, ಉಳಿದದ್ದಕ್ಕೆ ಇನ್ನೂ ವಾರಸುದಾರರು ಸಿಕ್ಕಿಲ್ಲ. ಅಮ್ಮ ಅಕ್ರೋಟಿನ ಸುರುಳಿ ರೊಟ್ಟಿ ಮಾಡಿದಾಗಲೆಲ್ಲ ನಿನ್ನ ಪಾಲು ತೆಗೆದಿಡುತ್ತಾಳೆ. ಅದು ಕೆಡದಂತೆ ನಾನು ನೋಡಿಕೊಳ್ಳುತ್ತಿದ್ದೇನೆ.

ಈಗ ರಾಜ್ಯದ ಸಮಾಚಾರ. ಮಗುವಿಗೆ ತಮ್ಮ ಹೆಸರೇ, ಉರ್ಬಾನ್ ಎಂದೇ ಇಡಬೇಕೆಂದು ಅದು ಹುಟ್ಟುವ ಮೊದಲೇ ಅಜ್ಜ ಊರಿಗೆಲ್ಲ ಸಾರಿದ್ದು ನಿನಗೆ ಗೊತ್ತು. ದ್ರಾಕ್ಷಿ ತೋಟ ಕಾಯುವ ಸಂತನ ಹೆಸರು, ಇದಕ್ಕಿಂತ ಮಣ್ಣಿನ ವಾಸನೆಯ ಹೆಸರು ಬೇರೊಂದಿಲ್ಲ ಎಂಬುದು ಅವರ ವಾದ. ನಾನು, ಜ್ಞಾನದಾಹವೊಂದೇ ಕಾರಣವಾಗಿ, ಶಾಲೆಯಿಂದ ಹೆಸರುಗಳ ಪುಸ್ತಕ ತಂದು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ: ಉರ್ಬಾನ್, ಲ್ಯಾಟಿನ್ ಮೂಲ, ಅರ್ಥ ಪಟ್ಟಣದವನು. ಅಜ್ಜನ ಚಮಚ ಸೂಪಿನಲ್ಲೇ ನಿಂತಿತು. ಪಟ್ಟಣದ ನೀರು ಒಗ್ಗುವುದಿಲ್ಲವೆಂದು ಮಧ್ಯಾಹ್ನದೊಳಗೆ ಓಡಿಬರುವ ಮನುಷ್ಯ. ಮಾರಿಬೋರ್ ಪಟ್ಟಣದಲ್ಲಿ ಹುಟ್ಟಿದ ತಪ್ಪಿಗೆ ಅತ್ತಿಗೆಯನ್ನು, ಅವಳು ಈ ಮನೆಗೆ ಬಂದಂದಿನಿಂದ, "ಪೇಟೆ ದೊರೆಸಾನಿ" ಎಂದೇ ಕರೆಯುವವರು. "ಎಪ್ಪತ್ತು ವರ್ಷದಿಂದ ಊರವರೆಲ್ಲ ನನ್ನನ್ನ ಪೇಟೆಯವನೇ ಅಂತ ಬೈತಾ ಇದ್ರಾ?" ಎಂದು ಎದ್ದುಹೋದರು. ಮಗುವಿಗೂ ಆ ಹೆಸರು ಬೇಡ, ತಮಗೂ ಬೇಡ, ಈ ಸಲ ಸಂತನ ದಿನದಂದು ತಮ್ಮ ಹೆಸರಿನ ಹಬ್ಬವೂ ಇಲ್ಲ ಎಂದರು. ತೋಟದ ಗೂಡಿನಲ್ಲಿರುವ ಮರದ ಸಂತನನ್ನು ಪ್ತುಯ್ ಪಟ್ಟಣದ ಕಡೆಗೆ ತಿರುಗಿಸಿ, "ನಡಿ ನಿನ್ನೂರಿಗೆ" ಎಂದು ಹೇಳಿಬಂದರು. ನಾನು ಬಿದ್ದುಬಿದ್ದು ನಕ್ಕೆ. ಆಮೇಲೆ ಅವರು ತೊಟ್ಟಿಲ ಹತ್ತಿರವೂ ಸುಳಿಯುವುದನ್ನು ಬಿಟ್ಟಾಗ ನಗು ಬರಲಿಲ್ಲ.

ಸಂತನ ಹಬ್ಬದ ಹಿಂದಿನ ಸಂಜೆ ಊರವರು ಎಂದಿನಂತೆ ಪಾತ್ರೆ, ಮುಚ್ಚಳ, ಹಳೇ ಡಬ್ಬ ಬಡಿಯುತ್ತ ಅಜ್ಜನ ಕಿಟಕಿಯಡಿ ಬಂದು ನಿಂತರು. ಸಂತನ ಹೆಸರಿನವನು ಹೊರಬಂದು ವೈನ್ ಸುರಿಯುವವರೆಗೆ ಬಡಿತ ನಿಲ್ಲುವಂತಿಲ್ಲವಲ್ಲ. "ಉರ್ಬಾನ್ ಅನ್ನೋರು ಯಾರೂ ಇಲ್ಲಿಲ್ಲ, ಹೋಗ್ರೋ" ಎಂದು ಅಜ್ಜ ಒಳಗಿನಿಂದಲೇ ಗದರಿದರು. ಪಕ್ಕದ ಮನೆಯ ಫ್ರಾಂಚೆಕ್ ಮಾಮ "ಪೇಟೆ ಸಾಹೇಬ್ರೇ, ಕೈ ಸೋತೋಯ್ತು, ಗಂಟಲೂ ಒಣಗಿದೆ" ಎಂದು ಗೋಗರೆದ. (ಸುದ್ದಿ ಊರಿಗೆ ಹೇಗೆ ಹಬ್ಬಿತೋ ನಾನರಿಯೆ.) ಬಾಗಿಲು ಅಲುಗಲಿಲ್ಲ. ಜನ ಮುಚ್ಚಳ ಕಂಕುಳಿಗೆ ಸೇರಿಸಿ ಹೊರಡಬೇಕು, ಅಷ್ಟರಲ್ಲಿ ಮಹಡಿಯ ಕಿಟಕಿ ತೆರೆಯಿತು. ಅತ್ತಿಗೆ, ತೋಳಿನಲ್ಲಿ ಕಿರುಚುವ ನಿನ್ನ ಮಗ. "ಉರ್ಬಾನ್ ಇಲ್ಲಿದ್ದಾನೆ, ಬಟ್ಟೆ ಒದ್ದೆ ಆಗಿದೆ, ತಾಳಿ. ಪೇಟೆಯವಳ ಮಗ, ಈ ಹೆಸರು ಇವನಿಗಲ್ಲದೆ ಇನ್ಯಾರಿಗೆ ಒಪ್ಪುತ್ತೆ? ಇಷ್ಟು ವರ್ಷ ನೀವು ಇದನ್ನ ಇವನಿಗೋಸ್ಕರ ಜೋಪಾನ ಮಾಡಿದ್ರಿ ಅಷ್ಟೆ, ಅಜ್ಜ. ಇವನಪ್ಪಂದೂ ಇದೇ ಆಸೆಯಂತೆ. ಆದ್ರೆ ಇವನಿಗೆ ಹೂಜಿ ಎತ್ತೋಕೆ ಬರಲ್ಲ." ಆಮೇಲೆ ಚಿಲಕ ಸರಿಯಿತು. ಅಜ್ಜ ಹೂಜಿ ಹಿಡಿದು ಬಂದು, "ಮಗೂ ಪರವಾಗಿ ಸುರೀತಿದ್ದೀನಿ. ನನಗೂ ಆ ಹೆಸರಿಗೂ ಸಂಬಂಧ ಇಲ್ಲ" ಎಂದು ಮೋರೆ ಗಂಟಿಕ್ಕಿಕೊಂಡೇ ಎಲ್ಲರ ಲೋಟ ತುಂಬಿದರು. ಬೆಳಗ್ಗೆ ಹೋಗಿ ನೋಡಿದರೆ ಸಂತ ಮತ್ತೆ ತೋಟದ ಕಡೆಗೇ ತಿರುಗಿದ್ದ.

ಬರುವ ಭಾನುವಾರ ಚರ್ಚಿನಲ್ಲಿ ನಾಮಕರಣ. ಅಮ್ಮನ ಮುತ್ತು, ಅಜ್ಜನ ಗೊಣಗಾಟ, ನಿನ್ನ ಮಗನ ಒದೆತ ಎಲ್ಲವೂ ನಿನಗೆ ಸುಖವಾಗಿ ತಲುಪಲಿ.

ನಿನ್ನ ವಿನೀತಳೂ ಸತ್ಯಸಂಧಳೂ ಆದ
ಯೇರಾ

ತಾ.ಕ.: ಅಂಚೆಯವನು ಗೇಟಿನಲ್ಲಿ ಕಾಯುತ್ತಿದ್ದಾನೆ. ಅಜ್ಜ ತೊಟ್ಟಿಲ ಹತ್ತಿರ ಸುಳಿಯದಿದ್ದ ಆ ದಿನಗಳಲ್ಲಿ ಬಂದರಿನಿಂದ ನಿನ್ನ ಫೋನ್ ಬಂದಾಗ ಅಂಚೆ ಕಚೇರಿಗೆ ಓಡಿದವಳು ನಾನೊಬ್ಬಳೇ. ನೀನು "ತಿಲೆನ್ ಅಂತ ಇಡಿ" ಎಂದೆ. ನಾನು ಅತ್ತಿಗೆಗೆ ಉರ್ಬಾನ್ ಎಂದು ಹೇಳಿದೆ. ಅವಳು ಕೇಳಿದರೆ ದಯವಿಟ್ಟು ಹೌದೆನ್ನು. ಪುಸ್ತಕದ ಪ್ರಕಾರ ತಿಲೆನ್ ಎಂದರೆ ಆಡಿನ ಮರಿ. ನಿನ್ನ ಮಗನ ಮಾನ ಉಳಿಸಿದೆನೆಂದುಕೋ. ಆದರೆ ಆ ಪುಟ ತೆರೆದದ್ದು ಸುಳ್ಳು ಹೇಳಿ ಆದಮೇಲೆ.