ಐಸ್‌ಕ್ರೀಮ್ ಗೋದಾಮಿನ ಧೂಮಕೇತು

ಜನವರಿ 9, ಬೆಳಗ್ಗೆ 10
ಮೈನಸ್ ಹದಿನೆಂಟು. ಎರಡು ಸ್ವೆಟರ್ ಸಾಲದು. ಅಥಣಿಯ ಈ ಐಸ್‌ಕ್ರೀಮ್ ಗೋದಾಮು ಬೇಸಿಗೆಯವರೆಗೆ ಖಾಲಿ. ಮಾಲೀಕ ಕಾಕಾಸಾಹೇಬರು ಫೆಬ್ರವರಿ 15ರವರೆಗೆ ಬಿಟ್ಟುಕೊಟ್ಟಿದ್ದಾರೆ. ನೀರಿಗೆ ಸಕ್ಕರೆ ಕಾರ್ಖಾನೆಯ ಬೂದಿ ಕಲಸಿ ಹೆಪ್ಪುಗಟ್ಟಿಸಿದ್ದೇನೆ. ಇದೇ ನನ್ನ ಧೂಮಕೇತು.
ನಿಜವಾದ ಧೂಮಕೇತುವಿನ ಮೇಲೆ ಇಳಿಯುವ ನೂರು ಕಿಲೋ ಯಂತ್ರದ ತೂಕ ಅಲ್ಲಿ ಒಂದು ದ್ರಾಕ್ಷಿಯಷ್ಟೂ ಇಲ್ಲ. ಡ್ರಿಲ್ ಒತ್ತಿದರೆ ಯಂತ್ರವೇ ಹಾರಿಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಗೂಟ ನನ್ನ ಕೆಲಸ. ಮೂರು ವರ್ಷದಿಂದ ಇದೊಂದೇ. ಸಂಜೆ ಬಾಡಿಗೆ ಕೋಣೆ, ಒಬ್ಬಳ ಅಡುಗೆ.

ಜನವರಿ 17
ಗೂಟ ಇವತ್ತೂ ಹಿಡಿಯಿತು. ಐವತ್ತು ಕಿಲೋ ಎಳೆತಕ್ಕೂ! ಪುಣೆಯಲ್ಲಿರುವ ತಂಡದ ಮುಖ್ಯಸ್ಥ ಸುಹಾಸನಿಗೆ ರಿಸಲ್ಟ್ ಕಳಿಸಿದೆ. ಒಂದು ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ. ಕೋಣೆಗೆ ಬಂದು ಕನ್ನಡಿಯ ಮುಂದೆ ನಾನೇ ಹೇಳಿಕೊಂಡೆ — ಶಹಬ್ಬಾಸ್, ಪೂನಮ.

ಜನವರಿ 22, ಮಧ್ಯಾಹ್ನ
ಗೋದಾಮಿನ ಹಮಾಲ ಮಾಳಸಿದ್ದ ಬಾಗಿಲು ಸರಿಮಾಡಲು ಬಂದ. ಅಲಖನೂರಿನವನು, ಕುರಿ ಸಾಕುವ ಮನೆತನ. ಇದು ಯಾಕೆಂದು ಕೇಳಿದ, ಧೂಮಕೇತುವಿನ ಕತೆ ಹೇಳಿದೆ. ನಾನು ಹಗ್ಗ ಎಳೆಯುವುದನ್ನು ನೋಡುತ್ತ ನಿಂತ.
"ಮೇಡಂ, ಗೂಟದ ಬುಡಕ ಕಾಲ ಇಟ್ಟೀರಿ."
ನೋಡಿದೆ. ಹೌದು, ಎಡಗಾಲು ಗೂಟದ ಚೌಕಟ್ಟಿನ ಮೇಲೆ. ನಮ್ಮ ಕಡೆ ಎಮ್ಮೆ ಕಟ್ಟುವವರೆಲ್ಲ ಹೀಗೇ, ಹಗ್ಗ ಜಗ್ಗುವಾಗ ಗೂಟಕ್ಕೊಂದು ಕಾಲು. ಚಿಕ್ಕಂದಿನ ರೂಢಿ. ಗೊತ್ತೇ ಆಗಿರಲಿಲ್ಲ.
"ಅಲ್ಲಿ ಮ್ಯಾಲ ಯಾರ ಇಡ್ತಾರ್ರಿ ಕಾಲು?"
ಎಲ್ಲ ಟೆಸ್ಟ್ ಸುಳ್ಳು. ಹಿಡಿದದ್ದು ಗೂಟವಲ್ಲ, ನನ್ನ ಮೈಭಾರ. ನಾಚಿಕೆಯಾಯಿತು. ಅಳುವೂ ಬಂತು.

ಜನವರಿ 23
ಸುಹಾಸನಿಗೆ ತಪ್ಪು ಒಪ್ಪಿಕೊಂಡು ಬರೆದೆ. ಫೆಬ್ರವರಿ ಹದಿನೈದರೊಳಗೆ ಹಿಡಿಯದಿದ್ದರೆ ನನ್ನ ಗೂಟವನ್ನೇ ಕೈಬಿಡುತ್ತಾರಂತೆ.

ಫೆಬ್ರವರಿ 11
ಹದಿನೆಂಟು ದಿನ ಬರೆಯಲಿಲ್ಲ. ಏನು ಬರೆಯುವುದು... ಕಾಲು ತೆಗೆದು ಎಳೆದಾಗಲೆಲ್ಲ ಕಿತ್ತು ಬಂತು. ಹನ್ನೆರಡು ಕಿಲೋಗೆ, ಒಂಬತ್ತಕ್ಕೆ. ಸಡಿಲು ಮಣ್ಣಿನಲ್ಲಿ ಒಂಟಿ ಗೂಟ ನಿಲ್ಲುವುದಿಲ್ಲ, ಎರಡನ್ನು ಒಂದಕ್ಕೊಂದು ಓರೆಯಾಗಿ ಹೊಡೆಯಬೇಕು ಎಂದು ಮಾಳಸಿದ್ದ ಊರಿಗೆ ಹೋಗುವ ಮುಂಚೆ ಹೇಳಿದ್ದ. ಹಾಗೇ ಮಾಡಿಸಿದ್ದೇನೆ. ಇನ್ನು ನಾಲ್ಕು ದಿನ.

ಫೆಬ್ರವರಿ 14, ಸಂಜೆ 4
ಈ ಸಲ ಎಳೆಯುವುದು ಮೋಟಾರು. ನಾನು ಬಾಗಿಲ ಹೊರಗೆ, ಒಳಗಿಟ್ಟ ಕ್ಯಾಮೆರಾವನ್ನು ಫೋನಿನಲ್ಲಿ ನೋಡುತ್ತ. ಮೂವತ್ತು. ನಲವತ್ತು. ಐವತ್ತು... ಅಲುಗಲಿಲ್ಲ.
ಸುಹಾಸನಿಗಿಂತ ಮೊದಲು ಮಾಳಸಿದ್ದನಿಗೆ ಫೋನ್ ಮಾಡಿದೆ. ಹಿಂದೆ ಕುರಿಗಳ ಸದ್ದು.
"ಗೂಟದ ಬಾಜೂಕ ಯಾರೂ ಇದ್ದಿಲ್ಲಲ್ರಿ?"
"ಇಲ್ಲಪಾ. ಯಾರೂ ಇಲ್ಲ."
ಹೇಳಿದ ಮೇಲೆ ಗೊತ್ತಾಯಿತು, ಅದು ಗೂಟದ ಮಾತಷ್ಟೇ ಅಲ್ಲ. ಅವನು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಕುರಿ ಕೂಗುವುದನ್ನು ಕೇಳುತ್ತ ಬಾಗಿಲ ಹೊರಗೇ ಕೂತೆ.